ಕತ್ತಿಗೆ ಅಪರೂಪದ ಟೂಲ್ ಸ್ಟೀಲ್ ಆರಿಸುವ ಮುನ್ನ

ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಕುಲುಮೆಗಳಲ್ಲಿ ಮಚ್ಚು ಮಾಡಲು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಬಳಸುವುದು ಮೊದಲಿನಿಂದ ಬಂದ ರೂಢಿ. ಮರಗಸಿಗೆ, ಅಂದರೆ ಮರದ ಕೊಂಬೆ ಕಡಿಯಲು, ಹೋಗುವ ಮಚ್ಚಿಗೆ ಅದಕ್ಕಿಂತ ಒಳ್ಳೆಯದನ್ನು ನಾನೂ ಹುಡುಕುವುದಿಲ್ಲ. ಆದರೆ ಕಾಫಿ ಗಿಡದ ಚಿಗುರು ತೆಗೆಯುವ ಕತ್ತಿಗೋ ಅಡುಗೆಮನೆಯ ಚಾಕುವಿಗೋ ಬೇಕಾದ ತೆಳು ಅಲಗಿಗೆ ಅದರಲ್ಲಿರುವ ಶೇ. 0.5ರಿಂದ 0.6ರಷ್ಟು ಇಂಗಾಲ ಸಾಲದು. ಬಾಯಿ ಬೇಗ ಮೊಂಡಾಗುತ್ತದೆ. ಅಚ್ಚು, ಉಪಕರಣ ಮಾಡಲೆಂದೇ ತಯಾರಿಸುವ ಗಡಸು ಉಕ್ಕಾದ ಟೂಲ್ ಸ್ಟೀಲಿನ ವಿಚಾರ ಬರುವುದೇ ಆಗ.

ಯಾವ ಉಕ್ಕು ಶ್ರೇಷ್ಠ ಎಂದು ಕೇಳುವ ಮೊದಲು, ನಿಮ್ಮ ಕುಲುಮೆ ಎಷ್ಟು ಡಿಗ್ರಿ ಶಾಖವನ್ನು ಎಷ್ಟು ಹೊತ್ತು ಏರಿಳಿತವಿಲ್ಲದೆ ಹಿಡಿದಿಡಬಲ್ಲದು ಎಂದು ಕೇಳಿಕೊಳ್ಳಬೇಕು. ಇದನ್ನು ನಾನು ಕಲಿತದ್ದು ಡಿ2 ಎಂಬ ಟೂಲ್ ಸ್ಟೀಲಿನ ಪಟ್ಟಿಯೊಂದನ್ನು ಹಾಳುಮಾಡಿಕೊಂಡು. ಎಚ್‌ಸಿಎಚ್‌ಸಿಆರ್ ಎಂಬ ಹೆಸರಿನಲ್ಲಿ ಸಿಗುವ ಆ ಉಕ್ಕನ್ನು ವಾರಗಟ್ಟಲೆ ಅರದಿಂದ ಉಜ್ಜಿ ಆಕಾರಕ್ಕೆ ತಂದು, ಇದ್ದಿಲ ಕುಲುಮೆಯಲ್ಲಿ ಆಯಸ್ಕಾಂತಕ್ಕೆ ಅಂಟದಷ್ಟು ಕಾಯಿಸಿ, ಎಣ್ಣೆಯಲ್ಲಿ ಅದ್ದಿದೆ. ತಣಿದ ಮೇಲೆ ಬಾಯಿಯ ಮೇಲೆ ಅರ ಎಳೆದರೆ ಅದು ಜಾರಲೇ ಇಲ್ಲ. ಕಚ್ಚಿ ಪುಡಿ ಉದುರಿಸಿತು, ಅಂದರೆ ಅಲಗು ಗಡಸಾಗಿರಲಿಲ್ಲ. ಉಕ್ಕಿನದಾಗಲಿ ಮಾರಿದವರದಾಗಲಿ ತಪ್ಪಿರಲಿಲ್ಲ. ಆಯಸ್ಕಾಂತದ ಸೆಳೆತ ಹೋಗುವುದು ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಡಿ2ನಲ್ಲಿರುವ ಶೇ. 12ರಷ್ಟು ಕ್ರೋಮಿಯಂ ಕಟ್ಟಿಹಾಕಿಕೊಂಡ ಇಂಗಾಲ ಸಾಕಷ್ಟು ಬಿಡುಗಡೆಯಾಗಬೇಕಾದರೆ 1010ರಿಂದ 1030 ಡಿಗ್ರಿಯಲ್ಲಿ ಅರ್ಧ ಗಂಟೆಯಷ್ಟು ಇಡಬೇಕು. ಶಾಖ ತೋರಿಸುವ ವಿದ್ಯುತ್ ಕುಲುಮೆಯಿಲ್ಲದವರು ಡಿ2 ಕೊಳ್ಳಬಾರದು. ಕ್ರೋಮಿಯಂ ಇಷ್ಟಿದೆಯಲ್ಲ, ಮಳೆಗಾಲಕ್ಕೆ ತುಕ್ಕು ಹಿಡಿಯದು ಎಂದುಕೊಂಡರೆ ಅದೂ ಪೂರ್ತಿ ನಿಜವಲ್ಲ. ಅದರ ದೊಡ್ಡ ಪಾಲು ಇಂಗಾಲದೊಡನೆ ಕೂಡಿದ ಗಟ್ಟಿ ಕಣಗಳಾದ ಕಾರ್ಬೈಡ್‌ನಲ್ಲಿ ಸೇರಿಹೋಗಿರುವುದರಿಂದ ಡಿ2 ಸ್ಟೇನ್‌ಲೆಸ್ ಆಗುವುದಿಲ್ಲ.

ಸಾಧಾರಣ ಸಲಕರಣೆಯವರಿಗೆ ನಾನು ಹೇಳುವುದು ಒ1, ನಮ್ಮ ಅಂಗಡಿಗಳ ಭಾಷೆಯಲ್ಲಿ ಒಎಚ್‌ಎನ್‌ಎಸ್. ಅಚ್ಚು ಮಾಡುವವರಿಗೆ ಇದು ಹಳೆಯ ಪರಿಚಯ, ಕತ್ತಿ ಮಾಡುವವರಿಗೆ ಹೊಸದು. ಶೇ. 0.9ರಷ್ಟು ಇಂಗಾಲದ ಜೊತೆಗೆ ಮ್ಯಾಂಗನೀಸ್, ಸ್ವಲ್ಪ ಕ್ರೋಮಿಯಂ, ಸ್ವಲ್ಪ ಟಂಗ್‌ಸ್ಟನ್ ಇರುವ ಇದನ್ನು 790ರಿಂದ 815 ಡಿಗ್ರಿಯವರೆಗೆ ಕಾಯಿಸಿ, ಉಗುರುಬೆಚ್ಚಗಿಂತ ತುಸು ಬಿಸಿಯಾದ ಎಣ್ಣೆಯಲ್ಲಿ ನೇರವಾಗಿ ಇಳಿಸಿದರೆ ಸಾಕು. ಕೈಗೆ ಹಿಡಿಯುವಷ್ಟು ತಣಿದ ಕೂಡಲೇ, ನಾಳೆಗೆ ಬಿಡದೆ, 200 ಡಿಗ್ರಿಯ ಓವನ್ನಿನಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಟೆಂಪರ್ ಮಾಡಿದಾಗ, ಅಂದರೆ ಪೆಡಸು ಕಳೆಯಲು ಹದವಾಗಿ ಮತ್ತೆ ಕಾಯಿಸಿದಾಗ, ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 60ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಓವನ್ನಿನ ಗುಂಡಿಯ ಮೇಲಿನ ಅಂಕಿಯನ್ನು ನಂಬದೆ ಒಳಗೊಂದು ಥರ್ಮಾಮೀಟರ್ ಇಡಿ.

ಬೇರಿಂಗ್‌ಗೆ ಬಳಸುವ ಇಎನ್31 ನನಗೆ ಇನ್ನೂ ಇಷ್ಟ. ಶೇ. 1ರಷ್ಟು ಇಂಗಾಲ, ಶೇ. 1.5ರಷ್ಟು ಕ್ರೋಮಿಯಂ ಇರುವ ಅದರ ಕಾರ್ಬೈಡ್‌ಗಳು ಬಲು ನಯವಾದ್ದರಿಂದ ತೆಳು ಬಾಯಿಯೂ ಸುಲಭವಾಗಿ ಮುಕ್ಕಾಗುವುದಿಲ್ಲ. ಆದರೆ 840 ಡಿಗ್ರಿಯ ಸುತ್ತಮುತ್ತ ಕೆಲವು ನಿಮಿಷ ಹಿಡಿದಿಡಬೇಕು; ತಿದಿ ಒತ್ತುವ ಕೈ ತಪ್ಪಿ ಶಾಖ ಮೀರಿದರೆ ಉಕ್ಕಿನ ಕಣ ದಪ್ಪವಾಗಿ ಅಲಗು ಪೆಡಸಾಗುತ್ತದೆ. ಏಟು ತಾಳಲೆಂದೇ ಮಾಡಿದ ಎಸ್7 ಎಂಬ ಉಕ್ಕು ಮಚ್ಚಿಗೆ ಒಪ್ಪುತ್ತದೆ, ನಿಜ. ಅದಕ್ಕೆ 940 ಡಿಗ್ರಿ ಬೇಕು, ಸ್ಪ್ರಿಂಗ್ ಪಟ್ಟಿ ಇರುವಾಗ ಅಷ್ಟು ಖರ್ಚು ಏಕೆಂದು ನನಗೆ ತಿಳಿಯದು. ಯಂತ್ರಗರಗಸದ ಹಳೆಯ ಬ್ಲೇಡನ್ನು ಉಜ್ಜಿ ಚಾಕು ಮಾಡುವವರೂ ಇದ್ದಾರೆ. ಬ್ಲೇಡು ಪೂರ್ತಿ ಹೈಸ್ಪೀಡ್ ಸ್ಟೀಲ್ (ಲೋಹ ಕತ್ತರಿಸುವ ಉಪಕರಣಗಳ ಉಕ್ಕು) ಆಗಿದ್ದರೆ ಅದು ಮೊದಲೇ ಗಡಸಾಗಿರುವುದರಿಂದ ಮತ್ತೆ ಕಾಯಿಸುವ ಗೋಜಿಲ್ಲ, ಹಿಡಿಗೆ ತೂತು ಕೊರೆಯುವುದು ಮಾತ್ರ ದೊಡ್ಡ ಪಾಡು. ಕೆಲವು ಬ್ಲೇಡ್‌ಗಳಲ್ಲಿ ಹಲ್ಲಿನ ಅಂಚು ಮಾತ್ರ ಹೈಸ್ಪೀಡ್ ಆಗಿರುತ್ತದೆ, ಹಲ್ಲು ಉಜ್ಜಿ ತೆಗೆದ ಮೇಲೆ ಉಳಿಯುವುದು ಅಷ್ಟು ಗಡಸಲ್ಲದ ಬರೀ ಬೆನ್ನು.

ಇಎನ್31 ಆಗಲಿ ಒ1 ಆಗಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಲೆನಾಡಿನ ತೇವದಲ್ಲಿ ಒರೆಸದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪಾಗಿರುತ್ತದೆ. ಸೊನೆ ತೊಳೆದು, ಒಣಗಿಸಿ, ಕೊಬ್ಬರಿ ಎಣ್ಣೆ ಸವರುವ ಅಭ್ಯಾಸವಿಲ್ಲದವರಿಗೆ ಇವೆರಡನ್ನೂ ಮಾಡಿಕೊಡಬೇಡಿ.

ಕೊಳ್ಳುವಾಗ ಮೆದುಗೊಳಿಸಿದ, 3 ಮಿ.ಮೀ. ದಪ್ಪದ ಪಟ್ಟಿಯನ್ನೇ ಕೇಳಿ, ಜೊತೆಗೆ ಪರೀಕ್ಷಾ ಪ್ರಮಾಣಪತ್ರವನ್ನೂ ಕೇಳಿ. ತುದಿಗೆ ಬಳಿದ ಬಣ್ಣದ ಗುರುತು ಸಾಲದು. ಮೊದಲು ಒಂದಡಿ ಮಾತ್ರ ತನ್ನಿ. ಅದರಿಂದ ಬೆರಳಗಲದ ತುಂಡೊಂದನ್ನು ಕತ್ತರಿಸಿ, ಅಲಗಿಗೆ ಮಾಡುವಂತೆಯೇ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಅರ ಜಾರುತ್ತದೆಯೇ ನೋಡಿ. ಆಮೇಲೆ ಕಣ್ಣಿಗೆ ಕನ್ನಡಕ ಹಾಕಿಕೊಂಡು, ಬಟ್ಟೆಯಲ್ಲಿ ಸುತ್ತಿ ವೈಸಿನಲ್ಲಿ ಸಿಕ್ಕಿಸಿ ಮುರಿಯಿರಿ. ಮುರಿದ ಜಾಗ ಸಕ್ಕರೆಯ ಹರಳಿನಂತೆ ಮಿನುಗಿದರೆ ಶಾಖ ಮೀರಿದೆಯೆಂದು ತಿಳಿದು ಇನ್ನೊಂದು ತುಂಡನ್ನು ಕಡಿಮೆ ಕಾಯಿಸಿ ನೋಡಿ. ಒಲೆಯ ಬೂದಿಯಂತೆ ಬಣ್ಣಗೆಟ್ಟು ನುಣ್ಣಗೆ ಕಂಡರೆ ಅದೇ ಲಾಟಿನ ಉಳಿದ ಪಟ್ಟಿಗೆ ದುಡ್ಡು ಕಟ್ಟಬಹುದು.