ಅಮ್ಮನಿಗಾಗಿ ಸಿಯಾಮೀಸ್ ಬೆಕ್ಕನ್ನು ಆರಿಸಿದ ಬಗೆ

ತಂದೆಯವರು ತೀರಿಕೊಂಡ ಮೇಲೆ ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ಅಮ್ಮ ಹಗಲೆಲ್ಲ ಒಬ್ಬರೇ ಇರಬೇಕಾಯಿತು. ಬೆಕ್ಕುಗಳ ನಡುವೆಯೇ ಬೆಳೆದ ಅವರು ಜೊತೆಗೊಂದು ಬೆಕ್ಕು ಬೇಕೆಂದಾಗ ನನ್ನ ಮನಸ್ಸು ಹೋದದ್ದು ಪರ್ಷಿಯನ್ ತಳಿಯ ಕಡೆಗೆ. ರೇಷ್ಮೆಯಂಥ ಕೂದಲು, ದುಂಡು ಮುಖ, ಗದ್ದಲವಿಲ್ಲದ ಸ್ವಭಾವ. ವಯಸ್ಸಾದವರಿಗೆ ಇದಕ್ಕಿಂತ ಒಪ್ಪುವ ತಳಿ ಇಲ್ಲವೆಂದೇ ನಂಬಿದ್ದೆ.

ಮರಿ ನೋಡಲು ಹೋದ ಮೊದಲ ಮನೆಯಲ್ಲೇ ಆ ನಂಬಿಕೆ ಸಡಿಲವಾಯಿತು. ತಾಯಿ ಬೆಕ್ಕಿನ ಕಣ್ಣುಗಳ ಕೆಳಗೆ ನೀರಿಳಿದು ಕಂದು ಕಲೆ ಕಟ್ಟಿತ್ತು. ಮಲಗಿದ್ದಾಗಲೂ ಅದರ ಉಸಿರಿನ ಸದ್ದು ಕೇಳುತ್ತಿತ್ತು. ಮುಖ ಚಪ್ಪಟೆಯಾದಷ್ಟೂ ಮೂಗಿನ ಹಾದಿ ಇಕ್ಕಟ್ಟಾಗುತ್ತದೆ, ಕಣ್ಣೀರು ಹರಿದುಹೋಗುವ ನಾಳ ಸೊಟ್ಟಾಗುತ್ತದೆ. ಇದಲ್ಲದೆ ಈ ತಳಿಯಲ್ಲಿ ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ಬೆಳೆಯುವ ಪಿಕೆಡಿ ಎಂಬ ಕಾಯಿಲೆ ವಂಶದಲ್ಲೇ ಹರಿದುಬರುತ್ತದೆ; ತಂದೆ ತಾಯಿಗಳಲ್ಲಿ ಒಂದಕ್ಕೆ ಇದ್ದರೂ ಸಾಕು, ಪ್ರತಿ ಮರಿಗೂ ಬರುವ ಸಂಭವ ಅರ್ಧಕ್ಕರ್ಧ. ಅದರ ಜೀನ್ ಪರೀಕ್ಷೆಯ ವರದಿ ಕೇಳಿದಾಗ ಮಾರುವವರು ಮಾತು ಬದಲಿಸಿದರು. ಮರಿಗೆ ಇನ್ನೂ 40 ದಿನ ತುಂಬಿರಲಿಲ್ಲ. ಎಂಟು ವಾರವಾಗದ ಮರಿಯನ್ನು ಸಾಕುಪ್ರಾಣಿ ಅಂಗಡಿಗಳು ಮಾರಬಾರದೆಂದು 2018ರ ನಿಯಮವಿದೆ. ಇವೆಲ್ಲಕ್ಕಿಂತ ಮಿಗಿಲಾಗಿ ನನ್ನನ್ನು ತಡೆದದ್ದು ಅಮ್ಮನ ಬೆರಳುಗಳು. ದಿನವೂ ಬಾಚದಿದ್ದರೆ ಪರ್ಷಿಯನ್ ಬೆಕ್ಕಿನ ಕೂದಲು ಹೊಟ್ಟೆಯಡಿ ಗಂಟುಕಟ್ಟುತ್ತದೆ, ಅಮ್ಮನಿಗೋ ಸಂಧಿವಾತದಿಂದ ಬಾಚಣಿಗೆ ಹಿಡಿಯುವುದೇ ಕಷ್ಟ.

ಸ್ಕಾಟಿಷ್ ಫೋಲ್ಡ್ ತಳಿಯ ಮಡಿಸಿದ ಕಿವಿ ಅಮ್ಮನಿಗೆ ತುಂಬ ಹಿಡಿಸಿತ್ತು. ಕಿವಿಯನ್ನು ಮಡಿಸುವ ಅದೇ ಜೀನ್ ಮೈಯ ಮೃದ್ವಸ್ಥಿಯನ್ನೂ ಕೆಡಿಸಿ ಕೀಲುನೋವು ತರುತ್ತದೆಂದು ವಿವರಿಸಿದ ಮೇಲೆ ಅವರು ಆ ಚಿತ್ರವನ್ನು ಮತ್ತೆ ನೋಡಲಿಲ್ಲ.

ಸಿಯಾಮೀಸ್ ಬೆಕ್ಕಿನ ಮೇಲೆ ಹೇಳುವ ದೂರು ಎರಡು: ಬಾಯಿ ಜಾಸ್ತಿ, ಒಂಟಿಯಾಗಿ ಬಿಟ್ಟರೆ ಸೊರಗುತ್ತದೆ. ಬೆಳಿಗ್ಗೆ ಬೀಗ ಹಾಕಿ ಕೆಲಸಕ್ಕೆ ಹೋಗುವ ಮನೆಗೆ ಅದನ್ನು ಖಂಡಿತ ತರಬಾರದು. ನಮ್ಮ ಮನೆಯಲ್ಲಾದರೆ ದಿನವಿಡೀ ಒಬ್ಬರು ಇರುತ್ತಾರೆ, ಅವರಿಗೂ ಮಾತು ಬೇಕು. ಗಿಡ್ಡ ಕೂದಲಾದ್ದರಿಂದ ವಾರಕ್ಕೊಮ್ಮೆ ಕೈಯಾಡಿಸಿದರೆ ಸಾಕು. ತಂದೆ ತಾಯಿ ಎರಡನ್ನೂ ಕಣ್ಣೆದುರಿಗೆ ತೋರಿಸಿ, ದೃಷ್ಟಿಪಟಲ ಸವೆಯುವ ಕಾಯಿಲೆಯ ಪರೀಕ್ಷಾ ವರದಿಯನ್ನು ಕೈಗಿತ್ತವರಿಂದ, ಮೂರು ತಿಂಗಳು ತುಂಬಿದ ಹೆಣ್ಣು ಮರಿಯನ್ನು ತಂದೆವು.

ಆಹಾರದ ವಿಷಯದಲ್ಲಿ ಸ್ವಲ್ಪ ತಿಕ್ಕಾಟವಾಯಿತು. ನಮ್ಮದು ಸಸ್ಯಾಹಾರಿ ಮನೆ. ಊರಿನ ಬೆಕ್ಕುಗಳು ಮೊಸರನ್ನ ತಿಂದೇ ಗಟ್ಟಿಯಾಗಿದ್ದವೆಂಬುದು ಅಮ್ಮನ ವಾದ. ಆ ಬೆಕ್ಕುಗಳು ಅಟ್ಟದ ಇಲಿಯನ್ನೂ ತಿನ್ನುತ್ತಿದ್ದವು. ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಬೆಕ್ಕಿನ ಕಣ್ಣು, ಹೃದಯ ಎರಡೂ ಕೆಡುತ್ತವೆ ಎಂದು ಪಶುವೈದ್ಯರು ಹೇಳಿದ ಮೇಲೆ ಬಾಲ್ಕನಿಯಲ್ಲಿ ಅದಕ್ಕೊಂದು ಪ್ರತ್ಯೇಕ ತಟ್ಟೆ ಬಂತು.

ಡಿಸೆಂಬರಿನಲ್ಲಿ ಸಂತಾನಹರಣ ಚಿಕಿತ್ಸೆಯಾದಾಗ ಹೊಟ್ಟೆಯ ಕೂದಲು ಬೋಳಿಸಿದ್ದರು. ಅಲ್ಲಿ ಹೊಸದಾಗಿ ಬಂದದ್ದು ಕೆನೆಬಣ್ಣದ ಕೂದಲಲ್ಲ, ಕಡುಕಂದು. ಗಾಯ ಕೆಟ್ಟಿತೆಂದು ಅಮ್ಮ ಗಾಬರಿಯಾದರು. ಈ ತಳಿಯಲ್ಲಿ ಬಣ್ಣ ತಯಾರಿಸುವ ಕಿಣ್ವ ತಂಪಾದ ಚರ್ಮದಲ್ಲಿ ಮಾತ್ರ ಕೆಲಸ ಮಾಡುತ್ತದೆ; ಕಿವಿ, ಮೂಗು, ಪಾದ, ಬಾಲ ಕಪ್ಪಾಗಿರುವುದೂ ಬೆಚ್ಚಗಿನ ಗರ್ಭದಿಂದ ಹೊರಬರುವ ಮರಿ ಬೆಳ್ಳಗಿರುವುದೂ ಇದೇ ಕಾರಣಕ್ಕೆ. ಬೋಳಿಸಿದ ಚರ್ಮಕ್ಕೆ ಚಳಿ ತಗುಲಿತ್ತು, ಅಷ್ಟೇ. ಆದರೂ ಅಮ್ಮ ದಿನಾ ಮಧ್ಯಾಹ್ನ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆ ಕಂದು ಪಟ್ಟೆಯನ್ನು ಸೆರಗಿನಿಂದ ಮುಚ್ಚುತ್ತಿದ್ದರು. ಕೂದಲು ಉದುರಿ ಹೊಸದು ಬರುವ ಹೊತ್ತಿಗೆ ಕೆನೆಬಣ್ಣ ಮರಳಿತು.