ಪುಷ್‌ಅಪ್ ಕಲಿಯಲು ನೆಲ ಬೇಡ, ಮೆಟ್ಟಿಲು ಸಾಕು

ಬೆಳಗ್ಗೆ ಆರಕ್ಕೆ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಕೂತರೆ ಒಂದು ದೃಶ್ಯ ತಪ್ಪದೆ ಸಿಗುತ್ತದೆ. ಹೊಸ ಟ್ರ್ಯಾಕ್ ಪ್ಯಾಂಟ್ ತೊಟ್ಟ, ನಲವತ್ತರ ಆಸುಪಾಸಿನ ಒಬ್ಬರು ವಾಕಿಂಗ್ ಮುಗಿಸುತ್ತಾರೆ, ಅತ್ತಿತ್ತ ನೋಡುತ್ತಾರೆ, ಹುಲ್ಲಿನ ಮೇಲೆ ಕೈಯೂರುತ್ತಾರೆ. ಸೊಂಟ ಹಳೇ ಹಗ್ಗದ ಮಂಚದ ಹಾಗೆ ಜೋತು ಬಿದ್ದಿರುತ್ತದೆ. ಕತ್ತು ಮಾತ್ರ ಮೇಲೆ ಕೆಳಗೆ ಆಡುತ್ತದೆ. ‘ಹದಿನೈದು’ ಎಂದು ಎಣಿಸಿ ಏಳುತ್ತಾರೆ. ನಾಲ್ಕನೇ ದಿನ ಭುಜ ಹಿಡಿದುಕೊಂಡು ಬರುತ್ತಾರೆ, ಎರಡನೇ ವಾರ ಬರುವುದೇ ಇಲ್ಲ.

ನನಗೆ ನಗುವ ಹಕ್ಕಿಲ್ಲ. ನಲವತ್ತಾರನೇ ವಯಸ್ಸಿನಲ್ಲಿ ಮದುವೆಯೊಂದರ ಪಂಕ್ತಿಯಲ್ಲಿ ನೆಲದ ಮೇಲೆ ಕೂತು ಉಂಡೆ. ಏಳಲಾಗದೆ ಪಕ್ಕದವರ ಹೆಗಲು ಹಿಡಿದು ಅವರ ಎಲೆಯ ಪಾಯಸ ಚೆಲ್ಲಿದೆ. ಮಾರನೇ ದಿನದಿಂದ ನಾನೂ ಹೀಗೇ ಶುರು ಮಾಡಿದ್ದು, ಹೀಗೇ ಬಿಟ್ಟಿದ್ದು.

ಇಲ್ಲಿ ಕಡಿಮೆ ಬಿದ್ದಿದ್ದು ಛಲವಲ್ಲ. ಲೆಕ್ಕ ತಪ್ಪಿತ್ತು, ಅಷ್ಟೇ. ನೆಲದ ಮೇಲಿನ ಪುಷ್‌ಅಪ್‌ನಲ್ಲಿ ಮೈತೂಕದ ಸುಮಾರು 64 ಶೇಕಡ ಕೈಗಳ ಮೇಲೆ ಬೀಳುತ್ತದೆ. 70 ಕೆಜಿ ತೂಗುವವರಿಗೆ ಅದು 45 ಕೆಜಿ. ಎಂದೂ ಭಾರ ಎತ್ತದ ಕೈಗೆ ಮೊದಲ ದಿನವೇ ಅಕ್ಕಿ ಮೂಟೆ ಹೊರಿಸಿದ ಹಾಗೆ. ಕೈಗಳನ್ನು ಎರಡಡಿ ಎತ್ತರದಲ್ಲಿ ಊರಿದರೆ ಇದೇ ತೂಕ 41 ಶೇಕಡಕ್ಕೆ, ಅಂದರೆ 29 ಕೆಜಿಗೆ ಇಳಿಯುತ್ತದೆ. ಒಂದಡಿ ಎತ್ತರದಲ್ಲಿ 38 ಕೆಜಿ ಚಿಲ್ಲರೆ. ಮನೆಯ ಮೆಟ್ಟಿಲು ಒಂದೊಂದೂ ಸಾಮಾನ್ಯವಾಗಿ ಆರೇಳು ಇಂಚು ಇರುತ್ತದಲ್ಲ, ಪ್ರತಿ ಮೆಟ್ಟಿಲು ಇಳಿದಾಗಲೂ ಮೂರರಿಂದ ಐದಾರು ಕೆಜಿ ಹೆಚ್ಚುತ್ತದೆ. ಜಿಮ್ಮಿನಲ್ಲಿ ದುಡ್ಡು ಕೊಟ್ಟು ಏರಿಸಿಕೊಳ್ಳುವ ತೂಕದ ಬಿಲ್ಲೆಗಳ ಸಾಲು ನಿಮ್ಮ ತಾರಸಿಗೆ ಹೋಗುವ ದಾರಿಯಲ್ಲೇ ಬಿದ್ದಿದೆ.

ಮೊದಲು ಗೋಡೆ. ಒಂದು ವಾರ, ಗೋಡೆಯಿಂದ ಎರಡಡಿ ದೂರ ನಿಂತು, ದಿನ ಬಿಟ್ಟು ದಿನ ಹತ್ತು ಸಲ. ಇದರಲ್ಲಿ ಹೇಳುವಂಥದ್ದೇನಿಲ್ಲ.

ಆಮೇಲೆ ಅಡುಗೆಮನೆ ಕಟ್ಟೆ. ಇದೂ ಒಂದು ವಾರ. ಒದ್ದೆ ಕಟ್ಟೆ ಬೇಡ, ಜಾರುತ್ತದೆ.

ಮೂರನೆಯದು ಮೆಟ್ಟಿಲು. ಎಲ್ಲರೂ ಕೆಡಿಸುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಕಾಲು ಸಮತಟ್ಟು ನೆಲದ ಮೇಲಿರಲಿ. ನಾಲ್ಕನೇ ಮೆಟ್ಟಿಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿಯಿರಿ, ಭುಜಕ್ಕಿಂತ ಒಂದು ಗೇಣು ಅಗಲಕ್ಕೆ. ಕೈ ಬರಬೇಕಾದ್ದು ಎದೆಯ ನಡುಭಾಗದ ನೇರಕ್ಕೆ. ಹತ್ತರಲ್ಲಿ ಎಂಟು ಜನ ಕತ್ತಿನ ನೇರಕ್ಕೆ ಇಡುತ್ತಾರೆ, ಭುಜ ನೋಯುವುದು ಅದಕ್ಕೇ. ಮೊಣಕೈ ಪಕ್ಕಕ್ಕೆ ಹಕ್ಕಿಯ ರೆಕ್ಕೆಯಂತೆ ಚಾಚಬಾರದು, ಪಕ್ಕೆಲುಬಿಗೆ ಅಂಟಿಸಲೂ ಬಾರದು. ಮೇಲಿನಿಂದ ನೋಡಿದರೆ ನಿಮ್ಮ ತಲೆ ಮತ್ತು ಎರಡು ಮೊಣಕೈ ಸೇರಿ ಬಾಣದ ತುದಿಯಂತೆ ಕಾಣಬೇಕು.

ಇನ್ನು ಸೊಂಟ. ಕುಂಡೆ ಬಿಗಿ ಹಿಡಿಯಿರಿ. ಪತ್ರಿಕೆಯಲ್ಲಿ ಬರೆಯುವ ಮಾತಲ್ಲ, ಆದರೆ ಪೃಷ್ಠ ಎಂದು ಬರೆದರೆ ಯಾರೂ ಬಿಗಿ ಹಿಡಿಯುವುದಿಲ್ಲ. ತುಂಟ ಮಗುವೊಂದು ಹೊಟ್ಟೆಗೆ ತಿವಿಯಲು ಬರುತ್ತಿದೆ ಎಂದುಕೊಳ್ಳಿ, ಹೊಟ್ಟೆ ತಾನಾಗಿ ಗಟ್ಟಿಯಾಗುತ್ತದೆ. ಈಗ ಮನೆಯವರನ್ನು ಕರೆದು ಪೊರಕೆ ಕೋಲನ್ನು ಬೆನ್ನುದ್ದಕ್ಕೆ ಇಡಿಸಿ. ತಲೆಯ ಹಿಂಭಾಗ, ಮೇಲ್ಬೆನ್ನು, ಬಾಲಮೂಳೆ ಮೂರಕ್ಕೂ ಕೋಲು ತಾಗಬೇಕು. ಮನೆಯವರು ನಗುತ್ತಾರೆ, ನಗಲಿ. ಕರೆಯಲು ನಾಚಿಕೆಯಾದರೆ ಮೊಬೈಲನ್ನು ಪಕ್ಕದಲ್ಲಿ ನಿಲ್ಲಿಸಿ ವಿಡಿಯೊ ಮಾಡಿಕೊಳ್ಳಿ. ಎದುರಿಂದ ತೆಗೆದರೆ ಏನೂ ಗೊತ್ತಾಗುವುದಿಲ್ಲ.

ಇಳಿಯುವಾಗ ಉಸಿರು ಒಳಗೆ, ಮನಸ್ಸಿನಲ್ಲಿ ಮೂರು ಎಣಿಸುವಷ್ಟು ನಿಧಾನ. ಅವಸರ ಬೇಡ. ಮೆಟ್ಟಿಲಿನ ಅಂಚಿಗೆ ಮೊದಲು ತಾಗಬೇಕಾದ್ದು ಎದೆ; ಮೂಗು, ಗದ್ದ ತಾಗಿದರೆ ಆ ಎಣಿಕೆ ರದ್ದು. ಏಳುವಾಗ ಉಸಿರು ಹೊರಗೆ. ಉಸಿರು ಕಟ್ಟಿ ತಿಣುಕಿದರೆ ರಕ್ತದೊತ್ತಡ ಏರುತ್ತದೆ. ಹೃದಯದ ತೊಂದರೆ ಇರುವವರು, ಹತೋಟಿಗೆ ಬಾರದ ಬಿಪಿ ಇರುವವರು ಇದಕ್ಕೆ ಕೈ ಹಾಕುವ ಮೊದಲು ವೈದ್ಯರನ್ನು ಕೇಳಿ.

ಒಂದು ಸುತ್ತಿಗೆ ಐದು. ಎರಡು ನಿಮಿಷ ಬಿಡುವು. ಹೀಗೆ ಮೂರು ಸುತ್ತು, ವಾರಕ್ಕೆ ಮೂರು ದಿನ. ಸೊಂಟ ಜೋತ ಕೂಡಲೇ ನಿಲ್ಲಿಸಿ, ‘ಇನ್ನೊಂದೇ ಒಂದು’ ಎನ್ನಬೇಡಿ. ಮೂರು ಸುತ್ತಿನಲ್ಲೂ ಹತ್ತು ಹತ್ತು ಚೊಕ್ಕವಾಗಿ ಬಂದ ದಿನ ಒಂದು ಮೆಟ್ಟಿಲು ಕೆಳಗೆ. ಕೆಲವು ಮೆಟ್ಟಿಲು ಹತ್ತು ದಿನಕ್ಕೆ ಬಿಡುತ್ತವೆ, ಕೆಲವು ತಿಂಗಳಾದರೂ ಬಿಡುವುದಿಲ್ಲ. ನನ್ನನ್ನು ಎರಡನೇ ಮೆಟ್ಟಿಲು ಐದು ವಾರ ಕೂರಿಸಿಕೊಂಡಿತ್ತು.

ಮಂಡಿಯೂರಿ ಪುಷ್‌ಅಪ್ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಮಾಡಬಹುದು, ನಾನು ಹೇಳಿಕೊಡುವುದಿಲ್ಲ. ಅದರಲ್ಲಿ ಬೀಳುವುದು 49 ಶೇಕಡ ತೂಕ. ಅಲ್ಲಿಂದ ನೆಲಕ್ಕೆ ಬರುವಾಗ ಒಂದೇ ನೆಗೆತಕ್ಕೆ ಹತ್ತು ಕೆಜಿ ಮೇಲೆ ಬೀಳುತ್ತದೆ. ಸೊಂಟ, ಕಾಲುಗಳನ್ನು ನೇರ ಹಿಡಿಯುವ ವಿದ್ಯೆಯೂ ಅದರಲ್ಲಿ ಬರುವುದಿಲ್ಲ. ಗರಡಿ ಮನೆಯ ದಂಡವನ್ನೇ ಹೊಡೆಯುತ್ತೇನೆ ಎನ್ನುವ ಉತ್ಸಾಹಿಗಳಿಗೂ ಒಂದು ಮಾತು: ಸೊಂಟ ಮೇಲೆತ್ತಿ, ಈಜುಬಿದ್ದಂತೆ ಎದೆಯನ್ನು ತೂರಿಸಿ ಏಳುವ ಆ ದಂಡ ಚೆಂದದ ಸಾಮು, ಆದರೆ ಭುಜ ಪಳಗಿದ ಮೇಲಿನದು. ಬಸ್ಕಿ ಮಾತ್ರ ಇವತ್ತೇ ಶುರು ಮಾಡಿ, ಕುರ್ಚಿಯ ಮೇಲೆ ಕೂತು ಕೈಯೂರದೆ ಏಳಿ, ಹತ್ತು ಸಲ. ಶಾಲೆಯಲ್ಲಿ ಕಿವಿ ಹಿಡಿಸಿ ಹೊಡೆಸಿದ್ದರಿಂದ ನಮಗೆಲ್ಲ ಅದು ಶಿಕ್ಷೆಯಾಗಿ ಉಳಿದುಬಿಟ್ಟಿದೆ.

ಮಾರನೇ ದಿನ ಎದೆ, ತೋಳು ಹಿಡಿದುಕೊಂಡರೆ ಗಾಬರಿ ಬೇಡ. ಆ ನೋವು ಒಂದೆರಡು ದಿನದಲ್ಲಿ ಜೋರಾಗಿ ತಾನೇ ಇಳಿಯುತ್ತದೆ. ಕೀಲಿನೊಳಗೆ ಚುಚ್ಚಿದಂತಾದರೆ ಮಾತ್ರ ಬಿಡಿ. ಮೊದಲ ಕೆಲವು ವಾರ ಕನ್ನಡಿಯನ್ನೂ ನೋಡಬೇಡಿ. ಆಗ ಹೆಚ್ಚುವ ಬಲದ ಬಹುಪಾಲು ಸ್ನಾಯು ದಪ್ಪವಾಗಿ ಬಂದದ್ದಲ್ಲ. ಇರುವ ಸ್ನಾಯುವನ್ನು ಒಟ್ಟಿಗೆ ದುಡಿಸಲು ನರಗಳು ಕಲಿಯುತ್ತಿರುತ್ತವೆ. ಕನ್ನಡಿಯಲ್ಲಿ ಕಾಣದ್ದು ಕ್ಯಾಲೆಂಡರಿನಲ್ಲಿ ಕಾಣುತ್ತದೆ. ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ‘3ನೇ ಮೆಟ್ಟಿಲು: 7, 6, 5’ ಎಂದು ಬರೆಯಿರಿ. ಎರಡು ತಿಂಗಳ ಹಾಳೆ ತಿರುವಿ ಹಾಕಿದಾಗ ಬರುವ ಧೈರ್ಯ ಯಾರ ಹುರಿದುಂಬಿಸುವ ಭಾಷಣದಿಂದಲೂ ನನಗೆ ಬಂದಿಲ್ಲ.

ಖರೀದಿಯ ವಿಷಯ. ಬಣ್ಣದ ಗುರುತಿರುವ ಪ್ಲಾಸ್ಟಿಕ್ ಪುಷ್‌ಅಪ್ ಹಲಗೆ ಕೊಳ್ಳಬೇಡಿ, ನನ್ನದರ ಹಿಡಿ ಎರಡನೇ ವಾರಕ್ಕೇ ಕಿತ್ತುಬಂತು. ಹೊಟ್ಟೆಗೆ ಸುತ್ತುವ ಬೆವರಿನ ಬೆಲ್ಟು ಇಳಿಸುವುದು ನೀರನ್ನು, ಒಂದು ಚೊಂಬು ಕುಡಿದರೆ ವಾಪಸ್. ಪ್ರೋಟೀನ್ ಡಬ್ಬಿಯೂ ಈಗ ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ವಯಸ್ಕರಿಗೆ ಹೇಳಿದ್ದು ಪ್ರತಿ ಕೆಜಿ ಮೈತೂಕಕ್ಕೆ ದಿನಕ್ಕೆ 0.83 ಗ್ರಾಂ, ಅಂದರೆ 60 ಕೆಜಿಯವರಿಗೆ 50 ಗ್ರಾಂ. ಹುರುಳಿ, ಕಡಲೆಕಾಯಿ, ಮೊಟ್ಟೆ, ಮೊಸರು ಇದ್ದರೆ ಅದು ಮುಟ್ಟುತ್ತದೆ. ‘ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ’ ಎನ್ನುತ್ತೇವೆ, ಆದರೆ ರಾಗಿಯಲ್ಲಿ ಪ್ರೋಟೀನ್ ನೂರು ಗ್ರಾಮಿಗೆ ಏಳೇ ಗ್ರಾಂ. ಬೆಟ್ಟ ಕೀಳುವ ಕೆಲಸದ ಅರ್ಧ ಪಾಲು ಮುದ್ದೆಯ ಪಕ್ಕದ ಹುರುಳಿ ಸಾರಿನದು.

ಕೊನೆಗೆ ನೆಲ. ಮೊದಲ ಮೆಟ್ಟಿಲು ಗೆದ್ದವರೂ ನೆಲದಲ್ಲಿ ತಡವರಿಸುತ್ತಾರೆ. ಹೆಚ್ಚುವ ತೂಕ ನಾಲ್ಕು ಕೆಜಿಯೂ ಇಲ್ಲ. ಮುಖ ನೆಲಕ್ಕೆ ಬಡಿದೀತೆಂಬ ಭಯ ದೊಡ್ಡದು, ಮಣಿಕಟ್ಟೂ ಪೂರ್ತಿ ಹಿಂದಕ್ಕೆ ಬಾಗಬೇಕು. ಮಣಿಕಟ್ಟು ನೋಯುವವರು ಮುಷ್ಟಿ ಕಟ್ಟಿ ದಪ್ಪ ಚಾಪೆಯ ಮೇಲೆ ಊರಿ. ಭಯಕ್ಕೆ ಮದ್ದು, ಬರೀ ಇಳಿಯುವುದು. ಐದು ಎಣಿಸುತ್ತ ಇಳಿಯಿರಿ, ಎದೆ ನೆಲಕ್ಕೆ ತಾಗಲಿ, ಆಮೇಲೆ ಮಂಡಿಯೂರಿ ಹೇಗಾದರೂ ಎದ್ದು ಬನ್ನಿ. ದಿನಕ್ಕೆ ಐದು ಸಲ, ಎರಡು ಮೂರು ವಾರ. ಒಂದು ದಿನ ಕೆಳಗೆ ಹೋದವರು ಮಂಡಿ ಊರುವುದನ್ನು ಮರೆತು ಎದ್ದಿರುತ್ತೀರಿ. ಅವತ್ತು ಎರಡನೆಯದಕ್ಕೆ ಆಸೆ ಪಡಬೇಡಿ. ಕ್ಯಾಲೆಂಡರಿನಲ್ಲಿ ‘ನೆಲ: 1’ ಎಂದು ಬರೆದು ಸ್ನಾನಕ್ಕೆ ಹೋಗಿ.