ಇನ್ನೊಂದು ವರ್ಷ ನೋಡುವ

2001ರ ಮಾರ್ಚ್ 31, ಶನಿವಾರ. ವರ್ಷಾಂತ್ಯದ ಲೆಕ್ಕ ಮುಗಿಯುವಾಗ ರಾತ್ರಿ ಹತ್ತು ಗಂಟೆ. ಸ್ಟ್ರಾಂಗ್ ರೂಮಿನ ಬೀಗದ ಕೈಯನ್ನು ಮ್ಯಾನೇಜರ ಕೈಗೆ ಒಪ್ಪಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ಹೊರಗೆ ಬಂದೆ. ಆಗ ನನಗೆ 44 ವರ್ಷ. ಬ್ಯಾಂಕು ಸೇರಿ 22 ವರ್ಷವಾಗಿತ್ತು. ಅಂದಿನಿಂದ ಇಂದಿನವರೆಗೆ ಒಂದು ದಿನವೂ ಸಂಬಳಕ್ಕೆ ದುಡಿದಿಲ್ಲ.

ಆ ವರ್ಷ ಸರ್ಕಾರಿ ಬ್ಯಾಂಕುಗಳಲ್ಲಿ ವಿಆರ್‌ಎಸ್ (ಸ್ವಯಂ ನಿವೃತ್ತಿ) ಪಡೆದವರು ಲಕ್ಷದ ಆಸುಪಾಸು. 15 ವರ್ಷ ಸೇವೆಯಾಗಿರಬೇಕು ಅಥವಾ 40 ವರ್ಷ ವಯಸ್ಸಾಗಿರಬೇಕು ಎಂಬುದು ನಿಯಮ. ಸಲ್ಲಿಸಿದ ಒಂದೊಂದು ವರ್ಷಕ್ಕೆ 60 ದಿನದ ಸಂಬಳ ಕೊಡುತ್ತಿದ್ದರು. ಉಳಿದ ಸೇವೆಯ ಸಂಬಳ ಅದಕ್ಕಿಂತ ಕಡಿಮೆಯಾದರೆ ಅದಷ್ಟನ್ನೇ ಕೊಡುತ್ತಿದ್ದರು. ನನ್ನ ಲೆಕ್ಕದಲ್ಲಿ 44 ತಿಂಗಳ ಸಂಬಳ. ಮೂಲವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 14,000 ಇದ್ದುದರಿಂದ 6,16,000 ರೂಪಾಯಿ. ಅದರಲ್ಲಿ 5 ಲಕ್ಷಕ್ಕೆ ತೆರಿಗೆಯಿಲ್ಲ. ಗ್ರಾಚ್ಯುಟಿ, ಪಿಎಫ್, ರಜೆಯ ಹಣ, ಪಿಂಚಣಿಯ ಮೂರನೇ ಒಂದು ಭಾಗದ ಕಮ್ಯುಟೇಷನ್ (ಅಷ್ಟು ಪಿಂಚಣಿಯ ಬದಲು ಮುಂಚಿತವಾಗಿ ಪಡೆಯುವ ಇಡಿಗಂಟು) ಎಲ್ಲ ಸೇರಿ 13 ಲಕ್ಷದ ಹತ್ತಿರ ಬಂತು. ಮನೆಸಾಲ ತೀರಿಸಿದ ಮೇಲೆ ಉಳಿದದ್ದು 11 ಲಕ್ಷ.

ಕಾರಣ ಕೇಳಿದವರಿಗೆಲ್ಲ ಅಮ್ಮನ ವಯಸ್ಸು ಹೇಳುತ್ತಿದ್ದೆ. ಅದು ಅರ್ಧ ನಿಜ. ಏಳು ಊರು ತಿರುಗಿ ಕೊನೆಗೆ ಬ್ರಹ್ಮಾವರದ ಹತ್ತಿರದ ನಮ್ಮ ಮನೆಗೆ ಬಂದು ಸೇರಿದ್ದೆ. ಮುಂದಿನ ಬಡ್ತಿ ಎಂದರೆ ಉತ್ತರ ಭಾರತದ ಯಾವುದಾದರೂ ಶಾಖೆ. ಬೆಳಗ್ಗಿನ ಹೊತ್ತು ನನ್ನದಾಗಿರಬೇಕು ಎಂಬ ಆಸೆ ನನಗೆ ಬಹಳ ವರ್ಷದಿಂದ ಇತ್ತು. ಹಾಗೆಂದು ಬಾಯಿಬಿಟ್ಟು ಹೇಳಲು ಆಗ ನಾಚಿಕೆಯಾಗುತ್ತಿತ್ತು. ಈಗ ಇಲ್ಲ.

ಅರ್ಜಿ ಹಾಕುವ ಹಿಂದಿನ ರಾತ್ರಿ ಹೆಂಡತಿ ಹೇಳಿದ್ದು ಇಷ್ಟೇ: "ಒಂದು ವರ್ಷ ನೋಡುವ. ಆಗದಿದ್ದರೆ ಎಂತಾದರೂ ಕೆಲಸ ಹುಡುಕುವಿರಂತೆ." ಅಂದಿನಿಂದ ಪ್ರತಿ ಮಾರ್ಚ್ ಕೊನೆಗೆ ನಾವಿಬ್ಬರೂ ಖರ್ಚಿನ ಪುಸ್ತಕ ಹಿಡಿದು ಕೂರುತ್ತೇವೆ. ಪುಟ ತಿರುಗಿಸುವುದು ನಾನು. ಇನ್ನೊಂದು ವರ್ಷ ಹೌದೋ ಅಲ್ಲವೋ ಎಂದು ಹೇಳುವವಳು ಅವಳು.

ಹಣವನ್ನು ಹೀಗೆ ಹಂಚಿದೆವು. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಜಂಟಿ ಖಾತೆಗೆ ಆಗಿದ್ದ ಮಿತಿ 6 ಲಕ್ಷ, ಬಡ್ಡಿ ಶೇ. 9.5. ಪೂರ್ತಿ ಅಲ್ಲಿಟ್ಟೆವು, ತಿಂಗಳಿಗೆ 4,750. ಮಗಳಿಗೆ ಆಗ ಹತ್ತು ವರ್ಷ. ಅವಳ ಓದಿಗೆಂದು ಇಟ್ಟ 3 ಲಕ್ಷವನ್ನು ಎಂಥ ಸಂದರ್ಭದಲ್ಲೂ ಮುಟ್ಟುವುದಿಲ್ಲವೆಂದು ತೀರ್ಮಾನಿಸಿದೆವು. ಉಳಿದ 2 ಲಕ್ಷ ಆಪತ್ತಿಗೆ. ಪಿಂಚಣಿ ಕೈಗೆ ಬರುತ್ತಿದ್ದದ್ದು 3,300 ಚಿಲ್ಲರೆ. 1995ರಲ್ಲಿ ಬ್ಯಾಂಕುಗಳಿಗೆ ಪಿಂಚಣಿ ಬಂದಾಗ ಎಷ್ಟೋ ಜೊತೆಗಾರರು ಅದನ್ನು ಬಿಟ್ಟು ಪಿಎಫ್ ಸಾಕೆಂದಿದ್ದರು. ನಾನು ಪಿಂಚಣಿ ಆರಿಸಿಕೊಂಡಿದ್ದೆ. ಆವತ್ತು ಹಾಗೆ ಮಾಡದೇ ಇದ್ದಿದ್ದರೆ ಇದನ್ನು ಬರೆಯುವ ಯೋಗ್ಯತೆಯೇ ನನಗೆ ಇರುತ್ತಿರಲಿಲ್ಲ.

ನಾಲ್ಕು ಜನರ ಮನೆಖರ್ಚು ಆಗ 7,800. ನೆಮ್ಮದಿಯಾಗಿ ನಡೆಯಿತು, ಮೊದಲ ಎರಡು ವರ್ಷ.

ನಾನು ಮಾಡಿದ ತಪ್ಪು ಇಲ್ಲಿದೆ. ಬಂದ ಬಡ್ಡಿಯನ್ನು ಬಂದ ಹಾಗೇ ಖರ್ಚು ಮಾಡಿದೆ. ಬ್ಯಾಂಕಿನಲ್ಲಿ ಕೂತು ನೂರಾರು ಜನರ ಠೇವಣಿ ನವೀಕರಿಸಿದವನಿಗೆ ಬಡ್ಡಿ ಇಳಿಯುತ್ತದೆ ಎಂಬುದು ಗೊತ್ತಿರಬೇಕಿತ್ತು. 2003ರಲ್ಲಿ ಆಪತ್ತಿನ ಠೇವಣಿ ನವೀಕರಿಸಲು ಹೋದಾಗ ದರ ಎಷ್ಟು ಕುಸಿದಿತ್ತೆಂದರೆ ಕೌಂಟರಿನ ಹುಡುಗನಿಗೆ ಎರಡು ಸಲ ಕೇಳಿದೆ. 2007ರಲ್ಲಿ ಮಾಸಿಕ ಆದಾಯ ಖಾತೆಯ ಆರು ವರ್ಷ ಮುಗಿದಾಗ ಶೇ. 10ರ ಬೋನಸ್ 60,000 ಬಂತು, ನಿಜ. ಆದರೆ ಅದೇ 6 ಲಕ್ಷ ಮತ್ತೆ ಇಟ್ಟರೆ ಬಡ್ಡಿ ಶೇ. 8. ತಿಂಗಳಿಗೆ 4,000. ಅಷ್ಟರಲ್ಲಿ ಅಕ್ಕಿಯೂ ಗ್ಯಾಸೂ ಎಲ್ಲಿಗೋ ಹೋಗಿದ್ದವು. ಆಗಿನಿಂದ ಬಡ್ಡಿ ಬಂದ ದಿನವೇ ಅದರಲ್ಲಿ ನಾಲ್ಕನೇ ಒಂದು ಪಾಲನ್ನು ಆರ್‌ಡಿಗೆ (ತಿಂಗಳು ತಿಂಗಳು ಕಟ್ಟುವ ಠೇವಣಿಗೆ) ಹಾಕಿ, ಉಳಿದದ್ದರಲ್ಲೇ ತಿಂಗಳು ಕಳೆಯುವ ಅಭ್ಯಾಸ ಮಾಡಿಕೊಂಡೆವು. ಇದನ್ನು ಮೊದಲ ತಿಂಗಳಿನಿಂದಲೇ ಮಾಡಬೇಕಿತ್ತು. ಬೇಗ ನಿವೃತ್ತರಾಗುವವರಿಗೆ ನಾನು ಒತ್ತಿ ಹೇಳುವ ಮಾತು ಇದೊಂದೇ.

ಕೆಲಸ ಬಿಡುವುದು ಒಂದು ಅರ್ಜಿಯಲ್ಲಿ ಮುಗಿಯಿತು. ಬಿಟ್ಟ ಮೇಲೆ ಬಿಟ್ಟೇ ಇರುವುದಕ್ಕೆ ವರ್ಷಗಳು ಬೇಕಾದವು. ವಿಮಾ ಕ್ಷೇತ್ರ ಆಗಷ್ಟೇ ಖಾಸಗಿಯವರಿಗೆ ತೆರೆದಿತ್ತು. ಬ್ಯಾಂಕು ಬಿಟ್ಟವರಿಗೆ ಊರೆಲ್ಲ ಪರಿಚಯ ಇರುತ್ತದಲ್ಲ, ವಿಮಾ ಕಂಪನಿಗಳಿಗೆ ಬೇಕಾದದ್ದು ಅದೇ. ಟೈ ಕಟ್ಟಿಕೊಂಡ ಹುಡುಗರು ಮೂರು ಸಲ ಜಗಲಿಗೆ ಬಂದು ಹೋದರು. ಸೌಹಾರ್ದ ಸಹಕಾರಿ ಕಾಯ್ದೆ 2001ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ಹೊಸ ಸಹಕಾರಿಗಳು ಒಂದರ ಹಿಂದೆ ಒಂದು ಶುರುವಾದವು. ಪ್ರತಿಯೊಂದಕ್ಕೂ ಅನುಭವಸ್ಥ ಮ್ಯಾನೇಜರ್ ಬೇಕು. "ಸುಮ್ಮನೆ ಕೂತು ಎಂತ ಮಾಡ್ತೀರಿ ಮಾರಾಯ್ರೆ, ಬನ್ನಿ" ಎಂದು ಕರೆಯುವವರ ಪ್ರೀತಿಗೆ ಇಲ್ಲ ಎನ್ನುವುದು ಸುಲಭವಲ್ಲ.

ಒಮ್ಮೆ ಹೂಂ ಎಂದುಬಿಟ್ಟಿದ್ದೆ. 2008ರ ಮಳೆಗಾಲದಲ್ಲಿ ಅಮ್ಮ ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಅವರ ವಯಸ್ಸಿಗೆ ವಿಮೆ ಸಿಕ್ಕಿರಲಿಲ್ಲ. ಶಸ್ತ್ರಚಿಕಿತ್ಸೆಗೆ 1,40,000. ಅದೇ ವಾರ ಒಂದು ಸೊಸೈಟಿಯಿಂದ ಮಾತು ಬಂತು: ತಿಂಗಳಿಗೆ 12,000, ಸೋಮವಾರದಿಂದ ಬನ್ನಿ. ಒಪ್ಪಿದೆ. ಭಾನುವಾರ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಪುಸ್ತಕ ತೆರೆದೆ. ಬಿದ್ದ ಹೊಂಡ ಒಂದೇ ಸಲದ್ದು. ಆಪತ್ತಿಗೆಂದು ಇಟ್ಟ 2 ಲಕ್ಷ ಇರುವುದೇ ಅದಕ್ಕೆ. ತಿಂಗಳ ಖರ್ಚು ಮುಂಚಿನಷ್ಟೇ ಇತ್ತು. ಮೇಲಾಗಿ ಅಮ್ಮ ಮನೆಗೆ ಬಂದ ಮೇಲೆ ಅವರನ್ನು ಎತ್ತಿ ಕೂರಿಸಲು ಇನ್ನೊಬ್ಬರು ಬೇಕು. ನಾನು ಸೊಸೈಟಿಗೆ ಹೋಗಿ ತಂದ ಸಂಬಳದ ಅರ್ಧ ಆ ಇನ್ನೊಬ್ಬರಿಗೇ ಹೋಗುತ್ತಿತ್ತು. ಬೆಳಿಗ್ಗೆ ಸೊಸೈಟಿಯವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರಿಗೆ ಬೇಸರವಾಯಿತು. ಅದು ನ್ಯಾಯವೇ.

ಹಣದ ಮಾತು ಇಷ್ಟಾಯಿತು. ಮೊದಲ ಆರು ತಿಂಗಳು ನನಗೆ ನಿಜವಾಗಿ ಕಷ್ಟವಾದದ್ದು ಬೆಳಿಗ್ಗೆ ಒಂಬತ್ತೂವರೆ ಗಂಟೆ. ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿ ಜಗಲಿಯಲ್ಲಿ ಕೂತಿರುತ್ತಿದ್ದೆ. ಕೈಗೆ ಏನೂ ಇಲ್ಲ. ಮಗಳ ಶಾಲೆಯ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ "ನಿವೃತ್ತ" ಎಂದು ಬರೆದಾಗ ಅವಳು, "ಅಪ್ಪಯ್ಯ, ಬ್ಯಾಂಕ್ ಅಂತ್ಲೇ ಬರಿ. ಎಲ್ಲರೂ ಕೇಳ್ತಾರೆ" ಎಂದಳು. ಅವಳಿಗಾಗಿ ಅಳಿಸಿ ಬರೆದೆ. ಆ ಕಾಗದದ ಮೇಲಿನ ಅಳಿಸಿದ ಗುರುತು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನನ್ನನ್ನು ನಿಲ್ಲಿಸಿದ್ದು ಹೆಂಡತಿಯ ಮಲ್ಲಿಗೆ. ಅಂಗಳದ ಬದಿಯಲ್ಲಿ ಅವಳು ಹದಿನೆಂಟು ಗಿಡ ಮಾಡಿದ್ದಳು. ಮೊಗ್ಗು ಅರಳುವ ಮುಂಚೆ ಕೊಯ್ಯಬೇಕು, ಬೆಳಕು ಹರಿಯುವಾಗಲೇ ಗಿಡದ ಬುಡದಲ್ಲಿ ಇರಬೇಕು. ಮೊದಲ ದಿನಗಳಲ್ಲಿ ನಾನು ಎಳೆ ಮೊಗ್ಗನ್ನೂ ಕಿತ್ತು ಬೈಸಿಕೊಂಡೆ. ನಾಳೆಯ ಮೊಗ್ಗು ಹಸಿರುಛಾಯೆ, ಇವತ್ತಿನದು ಹಾಲಿನ ಬಿಳುಪು. ಟಾರ್ಚಿನ ಬೆಳಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಬೆರಳ ತುದಿಗೆ ಮಾತ್ರ ಬೇರೆ. ತಂದು ಸುರಿದರೆ ಅಮ್ಮ ಬಾಳೆನಾರು ನೆನೆಸಿಟ್ಟುಕೊಂಡು ಕಟ್ಟಲು ಕೂರುತ್ತಿದ್ದರು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಮ್ಮಲ್ಲಿ ಅಟ್ಟೆ ತುಂಬುವ ದಿನಗಳು ಕಡಿಮೆ. ಆ ಹಣ ಹೆಂಡತಿಯದು, ಪುಸ್ತಕದಲ್ಲಿ ಅದಕ್ಕೆ ಬೇರೆ ಪುಟ. ಕೊನೆಗಾಲದಲ್ಲಿ ಅಮ್ಮನಿಗೆ ಮರೆವು ಬಂದಾಗಲೂ ಬೆರಳು ಗಂಟು ಮರೆಯಲಿಲ್ಲ. ಕಟ್ಟುತ್ತಲೇ ದಿನವೂ ಕೇಳುತ್ತಿದ್ದರು, "ಇವತ್ತ್ ಬ್ಯಾಂಕಿಗೆ ರಜಿಯಾ ಮಗಾ?" ಹೌದಮ್ಮ ಎನ್ನುತ್ತಿದ್ದೆ. ಅವರ ಮುಖ ಅರಳುತ್ತಿತ್ತು.

ಊರಿನವರಿಗೆ ಮಾತ್ರ ನಾನು ಖಾಲಿ ಕೂತವನು. ದೇವಸ್ಥಾನದ ಲೆಕ್ಕ, ಶಾಲೆಯ ವಾರ್ಷಿಕೋತ್ಸವ, ಯಾರದೋ ಸಾಲದ ಅರ್ಜಿ ಎಲ್ಲ ಬಂತು. ಸಂಬಳದ ಕೆಲಸ ಬಿಟ್ಟು ಬಿಟ್ಟಿ ಕೆಲಸಕ್ಕೆ ಸಿಕ್ಕಿಕೊಂಡರೆ ಬಿಟ್ಟ ಪ್ರಯೋಜನವೇನು? ಈಗ ಹನ್ನೊಂದು ಗಂಟೆಯ ಮೊದಲು ಯಾವ ಕಾಗದವನ್ನೂ ಮುಟ್ಟುವುದಿಲ್ಲ. ನವೆಂಬರ್ ತಿಂಗಳಿಗೆ ಮಾತ್ರ ಈ ನಿಯಮವಿಲ್ಲ. ಆಗ ಪಿಂಚಣಿ ಮುಂದುವರಿಯಲು ಜೀವಿತ ಪ್ರಮಾಣಪತ್ರ ಕೊಡಬೇಕಾದ ವೃದ್ಧರು ಬರುತ್ತಾರೆ, ಅವರನ್ನು ಕಾಯಿಸಲು ಮನಸ್ಸಾಗುವುದಿಲ್ಲ.

ನಾನು ಬಿಟ್ಟ ಬ್ಯಾಂಕಿನ ಹೆಸರು ಇಂದು ಬೋರ್ಡಿನಲ್ಲಿಲ್ಲ. 2020ರ ಏಪ್ರಿಲ್ 1ರಂದು ವಿಲೀನವಾಯಿತು. ಕಮ್ಯುಟೇಷನ್ನಿಗೆ ಕಡಿತವಾಗಿದ್ದ ಭಾಗ 15 ವರ್ಷ ಮುಗಿದು 2016ರಲ್ಲಿ ಮರಳಿತು. ತುಟ್ಟಿಭತ್ಯೆ ಫೆಬ್ರವರಿ, ಆಗಸ್ಟ್‌ಗಳಲ್ಲಿ ಬದಲಾಗುತ್ತ ಪಿಂಚಣಿ ಈಗ 18,000 ದಾಟಿದೆ.

ಕಳೆದ ಮಾರ್ಚಿನಲ್ಲಿ ಪುಸ್ತಕ ತೆರೆದಾಗ ಹೆಂಡತಿ ಮಲ್ಲಿಗೆಯ ಪುಟದ ಮೇಲೆ ಕೈಯಿಟ್ಟಳು. "ನನಗೆ ಬೆನ್ನು ಆಗುವುದಿಲ್ಲ. ಇದನ್ನು ಬಿಡುವ" ಎಂದಳು. ಇಷ್ಟು ವರ್ಷದಲ್ಲಿ ಅವಳ ಬಾಯಿಂದ ಬಿಡುವ ಎಂಬ ಮಾತು ಬಂದದ್ದು ಅದೇ ಮೊದಲು. ನನಗೆ 44ಕ್ಕೆ ಸಿಕ್ಕಿದ ನಿವೃತ್ತಿ ಅವಳಿಗೆ ಒಂದು ದಿನಕ್ಕೂ ಸಿಕ್ಕಿರಲಿಲ್ಲ. ಅಡಿಗೆ, ಅಮ್ಮ, ಹೂವು ಎಲ್ಲ ಹಾಗೇ ನಡೆದಿತ್ತು. ಮಲ್ಲಿಗೆಯಿಂದ ತಿಂಗಳಿಗೆ ಸರಾಸರಿ ಎರಡೂವರೆ ಸಾವಿರ. ಅದನ್ನು ತೆಗೆದು ಕೂಡಿಸಿದೆವು, ತೂಗುತ್ತದೆ. ಆರು ಗಿಡ ಇಟ್ಟುಕೊಂಡಿದ್ದೇವೆ, ದೇವರಿಗೆ ಮತ್ತು ಅವಳ ಮುಡಿಗೆ. ಕೊಯ್ಯುವುದು ನಾನು. ರಾತ್ರಿಯ ಅಡಿಗೆಯೂ ಈಗ ನನ್ನದು. ಸಾರಿಗೆ ಹುಳಿ ಸ್ವಲ್ಪ ಹೆಚ್ಚಾಗುತ್ತಿದೆ ಎಂದು ಅವಳು ಮೊನ್ನೆ ಹೇಳಿದಳು. ಒಂದು ವರ್ಷ ನೋಡುವ ಎಂದೆ.